ಮನೆಯಲ್ಲಿ ರೀಲೋಡಿಂಗ್ ಬೆಂಚ್: ಮೇಜು ಯಾಕೆ ಅಲುಗಾಡಬಾರದು, ಮದ್ದಿನ ಡಬ್ಬಿ ಯಾಕೆ ಒಂದೇ ಇರಬೇಕು

2020 ಮತ್ತು 2021ರಲ್ಲಿ ಅಮೆರಿಕದ ಬಂದೂಕು ಅಂಗಡಿಗಳಲ್ಲಿ ಮದ್ದುಗುಂಡಿನ ಶೆಲ್ಫುಗಳು ಖಾಲಿ ಬಿದ್ದಿದ್ದವು. ಸಿಕ್ಕರೂ ಬೆಲೆ ಜಾಸ್ತಿ. ಗುರಿ ಅಭ್ಯಾಸ ಮಾಡುವವರು, ಬೇಟೆಗೆ ಹೋಗುವವರು ಆಗ ಒಂದು ಹಳೆಯ ಹವ್ಯಾಸದ ಕಡೆ ನೋಡತೊಡಗಿದರು. ಹಾರಿಸಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೇಸನ್ನು ಎಸೆಯದೆ, ಅದನ್ನೇ ಮತ್ತೆ ತುಂಬಿಸಿ ಬಳಸುವುದು. ಇದಕ್ಕೆ ರೀಲೋಡಿಂಗ್ ಅಂತಾರೆ. ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಒಂದು ಮೇಜು ಹಾಕಿಕೊಂಡು ಸಂಜೆ ಹೊತ್ತು ಕೂತು ಮಾಡುವ ಕೆಲಸ ಇದು.

ಹೊಸದಾಗಿ ಶುರುಮಾಡುವವರು ಸಾಮಾನ್ಯವಾಗಿ ಯಾವ ಯಂತ್ರ ಕೊಳ್ಳಬೇಕು ಅಂತ ಕೇಳುತ್ತಾರೆ. ಮೇಜಿನ ಬಗ್ಗೆ ಕೇಳುವವರು ಕಡಿಮೆ. ಆದರೆ ಈ ಕೆಲಸದಲ್ಲಿ ಮೇಜು ಸುಮ್ನೆ ಸಾಮಾನು ಇಡುವ ಜಾಗ ಅಲ್ಲ. ಕೈ ತಪ್ಪಿದಾಗ ಆ ತಪ್ಪು ಕಣ್ಣಿಗೆ ಬೀಳಬೇಕು. ಬೆಂಚನ್ನು ಹೊಂದಿಸುವುದೆಲ್ಲ ಅದಕ್ಕಾಗಿಯೇ.

ಮೊದಲು ಕಾನೂನು

ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ಮಾರುವುದಕ್ಕೆ ಮಾಡುತ್ತೀರಿ ಅಂದರೆ 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ರಾಜ್ಯ ಮತ್ತು ಊರಿನ ಮಟ್ಟದಲ್ಲಿ ಬೇರೆ ನಿಯಮಗಳೂ ಇರುತ್ತವೆ. ಮುಖ್ಯವಾಗಿ ಮದ್ದು ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದರ ಬಗ್ಗೆ. ಭಾರತದಲ್ಲಿ ಹಾಗಲ್ಲ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಹಾಗಾಗಿ ಮುಂದೆ ಹೇಳುವುದೆಲ್ಲ ಇದು ಕಾನೂನುಬದ್ಧ ಹವ್ಯಾಸವಾಗಿರುವ ಅಮೆರಿಕದ ಮಾತು.

ಒಂದು ಕಾರ್ಟ್ರಿಡ್ಜ್‌ನಲ್ಲಿ ಏನೇನಿರುತ್ತದೆ

ಬಂದೂಕಿಗೆ ಹಾಕುವ ಇಡೀ ವಸ್ತುವಿಗೆ ಕಾರ್ಟ್ರಿಡ್ಜ್ ಅನ್ನುತ್ತಾರೆ. ಅದರಲ್ಲಿ ನಾಲ್ಕು ಭಾಗ. ಹೊರಗಿನ ಕೊಳವೆ ಕೇಸ್. ಅದರ ತಳದಲ್ಲಿ ಕೂತಿರುವ ಪುಟ್ಟ ಬಟ್ಟಲು ಪ್ರೈಮರ್. ಒಳಗೆ ಮದ್ದು. ಬಾಯಿಗೆ ಸಿಕ್ಕಿಸಿರುವುದು ಗುಂಡು.

ಬಂದೂಕಿನ ಕುದುರೆ, ಅಂದರೆ ಟ್ರಿಗರ್ ಎಳೆದಾಗ ಅದರ ಪಿನ್ ಪ್ರೈಮರಿಗೆ ಬಡಿಯುತ್ತದೆ. ಪೆಟ್ಟು ಬಿದ್ದ ಕೂಡಲೇ ಪ್ರೈಮರಿನ ಒಳಗಿರುವ ವಸ್ತು ಸಿಡಿಯುತ್ತದೆ. ಅದರ ಕಿಡಿ ಕೇಸಿನ ತಳದ ತೂತಿನಿಂದ ಒಳಗೆ ನುಗ್ಗಿ ಮದ್ದಿಗೆ ಬೆಂಕಿ ಹಚ್ಚುತ್ತದೆ. ಮದ್ದು ಉರಿದು ಅನಿಲವಾಗುತ್ತದೆ, ಆ ಅನಿಲ ಗುಂಡನ್ನು ತಳ್ಳುತ್ತದೆ.

ಈ ನಾಲ್ಕರಲ್ಲಿ ಮತ್ತೆ ಬಳಸಬಹುದಾದದ್ದು ಕೇಸ್ ಒಂದೇ. ಅದು ಸುಮಾರು 70 ಭಾಗ ತಾಮ್ರ, 30 ಭಾಗ ಸತು ಸೇರಿದ ಹಿತ್ತಾಳೆ. ಗುಂಡು ಹಾರಿದ ಕ್ಷಣ ಕೇಸ್ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಅದರಿಂದ ಅನಿಲ ಹಿಂದಕ್ಕೆ ಸೋರುವುದಿಲ್ಲ. ಒತ್ತಡ ಇಳಿದ ಕೂಡಲೇ ಸ್ವಲ್ಪ ಕುಗ್ಗಿ ಸಡಿಲವಾಗುತ್ತದೆ, ಹೊರಗೆ ಬರುತ್ತದೆ. ಹಿತ್ತಾಳೆಗೆ ಈ ಗುಣ ಇರುವುದರಿಂದಲೇ ಅದನ್ನು ಹಲವು ಸಲ ತುಂಬಿಸಬಹುದು. ಕೊನೆಗೊಮ್ಮೆ ಬಾಯಿ ಸೀಳುತ್ತದೆ, ಅಥವಾ ಪ್ರೈಮರ್ ಕೂರುವ ಗುಂಡಿ ಅಗಲವಾಗುತ್ತದೆ. ಆಗ ಅದನ್ನು ಗುಜರಿಗೆ ಹಾಕಬೇಕು.

ಇನ್ನೊಂದು ವಿಷಯ. ಎಲ್ಲ ಹಿತ್ತಾಳೆ ಕೇಸೂ ಸುಲಭವಾಗಿ ರೀಲೋಡ್ ಆಗುವುದಿಲ್ಲ. ಬಾಕ್ಸರ್ ಮಾದರಿಯ ಕೇಸಿನ ತಳದಲ್ಲಿ ನಡುವೆ ಒಂದೇ ತೂತು. ಹಳೆಯ ಪ್ರೈಮರನ್ನು ಒಂದು ಪಿನ್ನಿನಿಂದ ಹೊರಗೆ ದಬ್ಬಬಹುದು. ಬರ್ಡನ್ ಮಾದರಿಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತು, ನಡುವೆ ಒಂದು ಗುಬುಟು. ಅಲ್ಲಿಗೆ ಮಾಮೂಲಿ ಪಿನ್ ಹಾಕಿದರೆ ಪಿನ್ನೇ ಮುರಿಯುತ್ತದೆ. ಈ ಮಾದರಿಗಳನ್ನು ರೂಪಿಸಿದವರಲ್ಲಿ ಬಾಕ್ಸರ್ ಬ್ರಿಟಿಷ್ ಅಧಿಕಾರಿ, ಬರ್ಡನ್ ಅಮೆರಿಕನ್. ವಿಚಿತ್ರ ಅಂದರೆ ಅಮೆರಿಕದಲ್ಲಿ ಓಡುವುದು ಬಾಕ್ಸರ್ ಮಾದರಿ. ಅಲ್ಲಿ ಈ ಹವ್ಯಾಸ ಇಷ್ಟು ಹರಡಲು ಅದೂ ಒಂದು ಕಾರಣ.

ಕೆಲಸ ಸಾಗುವ ಬಗೆ

ಖಾಲಿ ಕೇಸುಗಳನ್ನು ತೊಳೆದು ಅಥವಾ ಪಾಲಿಶ್ ಮಾಡಿ ಒಂದೊಂದಾಗಿ ನೋಡುತ್ತಾರೆ. ಬಿರುಕು ಇದ್ದದ್ದನ್ನು ಪಕ್ಕಕ್ಕೆ ಹಾಕುತ್ತಾರೆ. ಆಮೇಲೆ ಪ್ರೆಸ್ ಅನ್ನುವ ಹಿಡಿ ಯಂತ್ರದಲ್ಲಿ ಕೇಸನ್ನು ಡೈ ಅನ್ನುವ ಅಚ್ಚಿನ ಒಳಗೆ ಒತ್ತುತ್ತಾರೆ. ಉಬ್ಬಿದ್ದ ಕೇಸ್ ಮೊದಲಿನ ಅಳತೆಗೆ ಬರುತ್ತದೆ. ಅದೇ ಹೊತ್ತಿಗೆ ಹಳೆಯ ಪ್ರೈಮರ್ ಉದುರುತ್ತದೆ. ರೈಫಲ್ ಕೇಸಾದರೆ ಮೊದಲು ಜಾರುವ ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಡೈನಲ್ಲೇ ಕಚ್ಚಿಕೊಳ್ಳುತ್ತದೆ. ಪಿಸ್ತೂಲಿನ ನೇರ ಕೇಸುಗಳಿಗೆ ಕಾರ್ಬೈಡ್ ಅನ್ನುವ ತುಂಬ ಗಟ್ಟಿ ವಸ್ತುವಿನ ಡೈ ಬಳಸಿದರೆ ಎಣ್ಣೆಯ ಗೋಜಿಲ್ಲ. ಉದ್ದ ಜಾಸ್ತಿಯಾಗಿದ್ದರೆ ಕತ್ತರಿಸಿ ಬಾಯಿ ನಯ ಮಾಡುತ್ತಾರೆ. ಹೊಸ ಪ್ರೈಮರ್ ಕೂರಿಸುತ್ತಾರೆ. ಮದ್ದು ತೂಗಿ ಹಾಕುತ್ತಾರೆ. ಕೊನೆಗೆ ಗುಂಡು ಕೂರಿಸಿ, ಬೇಕಿದ್ದರೆ ಬಾಯಿ ಬಿಗಿ ಮಾಡುತ್ತಾರೆ.

ಯಾವ ಮದ್ದು, ಎಷ್ಟು ತೂಕ, ಯಾವ ಗುಂಡಿಗೆ ಅನ್ನುವುದು ಕಂಪನಿಗಳು ಪರೀಕ್ಷಿಸಿ ಅಚ್ಚು ಹಾಕಿಸಿದ ಕೈಪಿಡಿಯಲ್ಲಿ ಇರುತ್ತದೆ. ಅದರಲ್ಲಿ ಕೊಟ್ಟಿರುವ ಆರಂಭದ ತೂಕದಿಂದಲೇ ಶುರುಮಾಡಬೇಕು. ಯಾರೋ ಸ್ನೇಹಿತರು ಹೇಳಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೈಪಿಡಿ ಬೆಂಚಿನ ಮೇಲೆ, ಕೈಗೆ ಸಿಗುವಲ್ಲಿ, ತೆರೆದೇ ಇರಬೇಕು.

ತಪ್ಪು ಎಲ್ಲಿ ಆಗುತ್ತದೆ

ಬೆಂಚ್ ಯಾಕೆ ಹಾಗಿರಬೇಕು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಪಿಸ್ತೂಲಿನ 9 ಎಂಎಂ ಲ್ಯೂಗರ್ ಕಾರ್ಟ್ರಿಡ್ಜ್‌ಗೆ ಅಮೆರಿಕದ ತಯಾರಕರ ಸಂಸ್ಥೆ ಎಸ್‌ಎಎಎಂಐ ಇಟ್ಟಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್. ರೈಫಲ್ಲಿನ .223 ರೆಮಿಂಗ್ಟನ್‌ಗೆ 55,000. ನಮ್ಮ ಸುತ್ತಲಿನ ಗಾಳಿಯ ಒತ್ತಡ 14.7. ಬಂದೂಕಿನ ಉಕ್ಕು ಈ ಮಿತಿಗೆ ತಕ್ಕಂತೆ ಮಾಡಿದ್ದು. ಒಂದು ಕೇಸಿಗೆ ಎರಡು ಸಲ ಮದ್ದು ಬಿದ್ದರೆ ಒತ್ತಡ ಎರಡರಷ್ಟು ಮಾತ್ರ ಆಗುವುದಿಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಏರಬಹುದು. ಬಂದೂಕು ಕೈಯಲ್ಲೇ ಸಿಡಿಯಬಹುದು.

ಎರಡು ಸಲ ಬಿದ್ದರೆ ಮದ್ದು ತುಂಬಿ ಚೆಲ್ಲುವುದಿಲ್ವಾ ಅಂತ ಕೇಳಬಹುದು. ಎಷ್ಟೋ ಪಿಸ್ತೂಲು ಕೇಸುಗಳಲ್ಲಿ ಚೆಲ್ಲುವುದಿಲ್ಲ. ರಿವಾಲ್ವರಿನ .38 ಸ್ಪೆಷಲ್ ಕಾರ್ಟ್ರಿಡ್ಜ್ ನೋಡಿ. ಅದು 19ನೇ ಶತಮಾನದ ಕೊನೆಗೆ ಬಂದದ್ದು. ಅದರ ಕೇಸ್ ಹಳೆಯ ಕಪ್ಪು ಮದ್ದಿನ ಅಳತೆಗೆ ಮಾಡಿದ್ದು. ಕಪ್ಪು ಮದ್ದು ಜಾಸ್ತಿ ಜಾಗ ತಿನ್ನುತ್ತದೆ. ಈಗಿನ ಹೊಗೆರಹಿತ ಮದ್ದು ಅದರಲ್ಲಿ ತಳಮಟ್ಟಕ್ಕೆ ಸ್ವಲ್ಪ ಮಾತ್ರ. ಎರಡನೇ ಸಲ ಸುರಿದರೂ ಇನ್ನೂ ಜಾಗ ಇರುತ್ತದೆ. ಮೇಲೆ ಗುಂಡು ಕೂರಿಸಿಬಿಟ್ಟರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಇದರ ಉಲ್ಟಾ ತಪ್ಪೂ ಅಷ್ಟೇ ಅಪಾಯ. ಮದ್ದೇ ಇಲ್ಲದ ಕೇಸಿಗೆ ಗುಂಡು ಕೂರಿಸಿದರೆ ಪ್ರೈಮರ್ ಒಂದರ ಬಲಕ್ಕೇ ಗುಂಡು ಸ್ವಲ್ಪ ಮುಂದೆ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಸ್ಕ್ವಿಬ್ ಅಂತಾರೆ. ಸದ್ದು ಚಿಕ್ಕದು, ಹಿನ್ನೊದೆತ ಇರುವುದಿಲ್ಲ. ಅದನ್ನು ಗಮನಿಸದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ.

ಎರಡೂ ತಪ್ಪನ್ನು ಕಣ್ಣಲ್ಲಿ ಹಿಡಿಯಲು ಇರುವುದು ಒಂದೇ ಅವಕಾಶ. ಮದ್ದು ಹಾಕಿದ ಮೇಲೆ, ಗುಂಡು ಕೂರಿಸುವ ಮುಂಚೆ.

ಅದಕ್ಕೇ ಬೆಂಚಿನ ಮೇಲೆ 50 ಗುಂಡಿಗಳಿರುವ ಒಂದು ಮರದ ಅಥವಾ ಪ್ಲಾಸ್ಟಿಕ್ ಹಲಗೆ ಇಟ್ಟುಕೊಳ್ಳುತ್ತಾರೆ. ಅದರ ಹೆಸರು ಲೋಡಿಂಗ್ ಬ್ಲಾಕ್. ಪ್ರೈಮರ್ ಹಾಕಿದ ಕೇಸುಗಳನ್ನು ಅದರಲ್ಲಿ ಬೋರಲಾಗಿ, ತಳ ಮೇಲೆ ಮಾಡಿ ಇಡುತ್ತಾರೆ. ಒಂದನ್ನು ಎತ್ತಿ, ಮದ್ದು ಹಾಕಿ, ಬಾಯಿ ಮೇಲೆ ಮಾಡಿ ವಾಪಸ್ ಇಡುತ್ತಾರೆ. ಬೋರಲಾಗಿರುವುದು ಅಂದರೆ ಇನ್ನೂ ಹಾಕಿಲ್ಲ. ನೆಟ್ಟಗಿರುವುದು ಅಂದರೆ ಹಾಕಿಯಾಗಿದೆ. ನಡುವೆ ಯಾರಾದರೂ ಕರೆದರೂ ಎಲ್ಲಿಗೆ ನಿಂತಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ. 50 ಆದ ಮೇಲೆ ಟಾರ್ಚ್ ಹಿಡಿದು ಸಾಲಿಗೆ ಸಾಲು ಒಳಗೆ ಇಣುಕುತ್ತಾರೆ. ಎಲ್ಲದರಲ್ಲೂ ಮದ್ದಿನ ಮಟ್ಟ ಒಂದೇ ಇರಬೇಕು. ಒಂದರಲ್ಲಿ ಎತ್ತರ ಕಂಡರೆ, ಒಂದು ಖಾಲಿ ಕಂಡರೆ, ತಕ್ಷಣ ಗೊತ್ತಾಗುತ್ತದೆ. ಅನುಮಾನ ಬಂದರೆ ಆ ಕೇಸಿನ ಮದ್ದು ಸುರಿದು ಮತ್ತೆ ತೂಗುವುದು. ವಾದವೇ ಬೇಡ. ಈ ಹವ್ಯಾಸದಲ್ಲಿ ಅತಿ ಅಗ್ಗದ ಸಲಕರಣೆ ಈ ಹಲಗೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಬೆಲೆಬಾಳುವುದು ಬೆಂಚಿನ ಮೇಲೆ ಬೇರೆ ಇಲ್ಲ.

ಮೇಜು

ಪ್ರೆಸ್ ಒಂದು ಸನ್ನೆಕೋಲು. ಹಿಡಿಯನ್ನು ಕೆಳಗೆ ಎಳೆದಾಗ ಕೇಸ್ ಮೇಲಕ್ಕೆ ಹೋಗಿ ಡೈ ಒಳಗೆ ನುಗ್ಗುತ್ತದೆ. ಆಗ ಪ್ರೆಸ್ ಮುಂದಕ್ಕೆ ವಾಲಲು ನೋಡುತ್ತದೆ. ಮುಂದಿನ ಅಂಚು ಮೇಜನ್ನು ಒತ್ತುತ್ತದೆ, ಹಿಂದಿನ ಬೋಲ್ಟುಗಳು ಮೇಲಕ್ಕೆ ಜಗ್ಗುತ್ತವೆ. ಹಿಡಿ ಮೇಲೆತ್ತಿದಾಗ ಇದರ ಉಲ್ಟಾ. ನೂರಾರು ಕೇಸುಗಳಿಗೆ ನೂರಾರು ಸಲ ಹೀಗೆ ಆಗುತ್ತದೆ. ತೆಳು ಹಲಗೆಯಾದರೆ ಬಾಗುತ್ತದೆ, ಬೋಲ್ಟ್ ತೂತು ಅಗಲವಾಗುತ್ತದೆ, ಮೇಜೇ ಗೋಡೆಯಿಂದ ಸರಿಯುತ್ತದೆ.

ಆದರೆ ಮೇಜು ಗಟ್ಟಿ ಇರಬೇಕಾದ ದೊಡ್ಡ ಕಾರಣ ಬೇರೆ. ಪ್ರೆಸ್ಸಿನ ಹಿಡಿ ಕೈಗೆ ಸುದ್ದಿ ಕೊಡುತ್ತದೆ. ಪ್ರೈಮರ್ ಸರಿಯಾಗಿ ಕೂತಾಗ ಒಂದು ಬಿಗಿ ಗೊತ್ತಾಗುತ್ತದೆ. ಗುಂಡಿ ಸಡಿಲವಾಗಿದ್ದರೆ ಪ್ರೈಮರ್ ಸಲೀಸಾಗಿ ಜಾರಿ ಕೂರುತ್ತದೆ, ಅಂದರೆ ಆ ಕೇಸಿನ ಆಯಸ್ಸು ಮುಗಿಯಿತು. ಕೇಸ್ ಓರೆಯಾಗಿ ಸಿಕ್ಕಿಕೊಂಡರೆ ಹಿಡಿ ತಡೆಯುತ್ತದೆ. ಮೇಜು ಅಲುಗಾಡಿದರೆ ಈ ಸೂಕ್ಷ್ಮವೆಲ್ಲ ಅದರ ಅಲುಗಾಟದಲ್ಲೇ ಕರಗಿಹೋಗುತ್ತದೆ. ಕೈಗೆ ಏನೂ ತಿಳಿಯುವುದಿಲ್ಲ.

ಮುಕ್ಕಾಲು ಇಂಚಿನ ಎರಡು ಪ್ಲೈವುಡ್ ಹಲಗೆಗಳನ್ನು ಅಂಟಿಸಿ ಸ್ಕ್ರೂ ಹಾಕಿದರೆ ಒಂದೂವರೆ ಇಂಚಿನ ಮೇಲ್ಮೈ ಸಿಗುತ್ತದೆ. ಮನೆ ಬಳಕೆಗೆ ಸಾಕು. ಆಳ ಎರಡು ಅಡಿ ಇರಲಿ. ತೀರಾ ಅಗಲ ಮಾಡಿದರೆ ಹಿಂದಿನ ಸಾಮಾನು ತೆಗೆಯಲು ಮದ್ದಿನ ಮೇಲೆ ಕೈ ಚಾಚಬೇಕಾಗುತ್ತದೆ. ಪ್ರೆಸ್ಸನ್ನು ಎರಡು ಕಾಲುಗಳ ನಡುವೆ ಕೂರಿಸಬೇಡಿ, ಒಂದು ಕಾಲಿನ ಹತ್ತಿರ ಕೂರಿಸಿ. ಹಲಗೆ ಅತಿ ಹೆಚ್ಚು ಬಾಗುವುದು ನಡುವೆ. ಬೋಲ್ಟುಗಳು ಮೇಜಿನ ಆಚೆ ಬದಿಗೆ ಹಾಯಬೇಕು, ಕೆಳಗೆ ಅಗಲ ವಾಷರ್ ಅಥವಾ ಒಂದು ಕಬ್ಬಿಣದ ಪಟ್ಟಿ ಇರಬೇಕು. ಮರಕ್ಕೆ ಹಾಕುವ ಮಾಮೂಲಿ ಸ್ಕ್ರೂ ಹಾಕಿದರೆ ಕೆಲವೇ ದಿನಕ್ಕೆ ಕಿತ್ತು ಬರುತ್ತದೆ.

ಅಮೆರಿಕದ ಮನೆಗಳ ಗೋಡೆ ಒಳಗೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ಮರದ ಕಂಬಗಳಿರುತ್ತವೆ. ಮೇಜಿನ ಹಿಂಬದಿಯನ್ನು ಅವಕ್ಕೆ ಬಿಗಿದರೆ ಅಲುಗಾಟ ನಿಂತೇಬಿಡುತ್ತದೆ. ಬಾಡಿಗೆ ಮನೆಯವರು ಗೋಡೆಗೆ ತೂತು ಹಾಕುವಂತಿಲ್ಲ. ಅವರು ಮೇಜಿನ ಕೆಳಗೆ ಒಂದು ಹಲಗೆ ಹಾಕಿ ಭಾರ ಹೇರಬಹುದು. ಭಾರಕ್ಕೆ ಬೇರೆ ಕಡೆ ಹುಡುಕಬೇಕಿಲ್ಲ, ಗುಂಡುಗಳೇ ಇವೆ. 115 ಗ್ರೇನ್ (ಸುಮಾರು 7.5 ಗ್ರಾಂ) ತೂಕದ 500 ಗುಂಡುಗಳ ಒಂದು ಪೆಟ್ಟಿಗೆ ಸುಮಾರು 3.7 ಕಿಲೋ ಬರುತ್ತದೆ. ಅಂಥ ಹತ್ತು ಪೆಟ್ಟಿಗೆ ಕೆಳಗಿಟ್ಟರೆ ಮೇಜು ಕದಲುವುದಿಲ್ಲ.

ಎತ್ತರ ಎಷ್ಟು? ನಿಂತು ಮಾಡುವವರಿಗೆ 36ರಿಂದ 40 ಇಂಚು, ಕೂತು ಮಾಡುವವರಿಗೆ 30 ಇಂಚಿನ ಆಸುಪಾಸು. ಆದರೆ ಅಳತೆಗಿಂತ ನಿಮ್ಮ ಕೈ ಮುಖ್ಯ. ಹಿಡಿ ಪೂರ್ತಿ ಕೆಳಗೆ ಬಂದಾಗ ಬೆನ್ನು ಬಾಗಬಾರದು. ಪೂರ್ತಿ ಮೇಲೆ ಹೋದಾಗ ಭುಜ ಎತ್ತಬಾರದು. ಕೇಸಿನ ಒಳಗೆ ಇಣುಕಲೂ ಆಗಬೇಕು. ತೂತು ಕೊರೆಯುವ ಮುಂಚೆ ಪ್ರೆಸ್ಸನ್ನು ಸಿ-ಕ್ಲಾಂಪ್‌ನಲ್ಲಿ ಹಿಡಿಸಿ, ಖಾಲಿ ಹಿಡಿಯನ್ನು ಆಡಿಸಿ ನೋಡಿ. ಜಾಗ ಸರಿ ಅನ್ನಿಸಿದ ಮೇಲೆ ಕೊರೆಯಿರಿ.

ಪ್ರೆಸ್ ಯಾವುದು

ಮೂರು ಬಗೆ ಇವೆ. ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಂದು ಸಲಕ್ಕೆ ಒಂದೇ ಡೈ, ಒಂದೇ ಕೆಲಸ. ಟರೆಟ್‌ನಲ್ಲಿ ಹಲವು ಡೈಗಳು ಒಂದು ತಿರುಗುವ ತಲೆಯಲ್ಲಿ ಕೂತಿರುತ್ತವೆ. ಪ್ರೋಗ್ರೆಸ್ಸಿವ್‌ನಲ್ಲಿ ಪ್ರತಿ ಸಲ ಹಿಡಿ ಎಳೆದಾಗ ಹಲವು ಕೇಸುಗಳ ಮೇಲೆ ಹಲವು ಕೆಲಸ ಒಟ್ಟಿಗೆ ಆಗುತ್ತದೆ. ವೇಗ ಜಾಸ್ತಿ, ಗಮನವೂ ಅಷ್ಟೇ ಹಂಚಿಹೋಗುತ್ತದೆ. ಕಲಿಯುವವರಿಗೆ ಸಿಂಗಲ್ ಸ್ಟೇಜ್ ಒಳ್ಳೆಯದು. ಆಮೇಲೆ ದೊಡ್ಡದಕ್ಕೆ ಹೋದರೂ ಡೈಗಳು ದಂಡವಾಗುವುದಿಲ್ಲ. ಹೆಚ್ಚಿನ ಪ್ರೆಸ್‌ಗಳು 7/8 ಇಂಚು, ಇಂಚಿಗೆ 14 ಸುತ್ತಿನ ಒಂದೇ ಅಳತೆಯ ಥ್ರೆಡ್ ಬಳಸುತ್ತವೆ.

ತಕ್ಕಡಿ, ಬೆಳಕು

ಮದ್ದಿನ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್. ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ತಕ್ಕಡಿ ಅದರಲ್ಲೂ ಹತ್ತನೇ ಒಂದು ಭಾಗವನ್ನು ತೋರಿಸಬೇಕು. ಇಷ್ಟು ಸಣ್ಣ ತೂಕ ನೋಡುವಾಗ ಫ್ಯಾನಿನ ಗಾಳಿ ಸಾಕು, ಲೆಕ್ಕ ಕೆಡುತ್ತದೆ. ಎಸಿ ಗಾಳಿ, ಕಿಟಕಿ, ಯಾವುದೂ ತಕ್ಕಡಿಗೆ ನೇರ ಬರಬಾರದು. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಹತ್ತಿರದ ಮೊಬೈಲ್ ಮತ್ತು ಟ್ಯೂಬ್‌ಲೈಟಿನಿಂದಲೂ ಅಂಕಿ ತೇಲಾಡಬಹುದು. ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಜೊತೆಗೆ ಬಂದ ಅಳತೆ ಕಲ್ಲಿಟ್ಟು ಪರೀಕ್ಷಿಸಿ ಆಮೇಲೆ ಶುರುಮಾಡಬೇಕು.

ತಕ್ಕಡಿಯನ್ನು ಪ್ರೆಸ್ ಇರುವ ಹಲಗೆಯ ಮೇಲೆಯೇ ಇಟ್ಟರೆ ಹಿಡಿ ಎಳೆದಾಗೆಲ್ಲ ಅದು ನಡುಗುತ್ತದೆ. ಗೋಡೆಗೆ ಬೇರೆ ಒಂದು ಪುಟ್ಟ ಶೆಲ್ಫ್ ಹೊಡೆದು, ಕಣ್ಣಿನ ಮಟ್ಟಕ್ಕೆ ಇಡುವುದು ವಾಸಿ. ಕಡ್ಡಿ ತಕ್ಕಡಿಯಾದರಂತೂ ಇದು ಬೇಕೇ ಬೇಕು. ಮೇಲಿನಿಂದ ಓರೆಯಾಗಿ ನೋಡಿದರೆ ಮುಳ್ಳು ಗೆರೆಗೆ ಸರಿಯಾಗಿ ನಿಂತಿದೆಯೋ ಇಲ್ಲವೋ ತಪ್ಪಾಗಿ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ಜಾಸ್ತಿ ಜನ ಎಡವುವುದು ಒಂದೇ ಕಡೆ. ಕೋಣೆಯ ನಡುವಿನ ದೀಪ ಬೆನ್ನ ಹಿಂದೆ ಇರುತ್ತದೆ. ತಲೆಯ ನೆರಳು ಸರಿಯಾಗಿ ಲೋಡಿಂಗ್ ಬ್ಲಾಕ್ ಮೇಲೆ ಬೀಳುತ್ತದೆ. ಕೇಸಿನ ಒಳಗೆ ಬರೀ ಕತ್ತಲೆ. ಮುಂದಿನಿಂದ, ಮೇಲಿನಿಂದ ಬೀಳುವಂತೆ ಬಾಗಿಸಬಹುದಾದ ಒಂದು ಎಲ್‌ಇಡಿ ದೀಪ ಹಾಕಿಕೊಳ್ಳಿ.

ಮೇಜಿನ ಮೇಲೆ ಒಂದೇ ಡಬ್ಬಿ

ಮದ್ದಿನ ಕಾಳುಗಳನ್ನು ನೋಡಿ ಯಾವ ಮದ್ದು ಅಂತ ಹೇಳಲು ಆಗುವುದಿಲ್ಲ. ಎರಡು ಬೇರೆ ಬೇರೆ ಮದ್ದು ಬಣ್ಣದಲ್ಲಿ, ಆಕಾರದಲ್ಲಿ ಒಂದೇ ಥರ ಇರಬಹುದು. ಆದರೆ ಒಂದು ನಿಧಾನವಾಗಿ ಉರಿಯುವುದು, ಇನ್ನೊಂದು ವೇಗವಾಗಿ. ರೈಫಲ್ಲಿಗೆ ಬೇಕಾದಷ್ಟು ತೂಕದಲ್ಲಿ ಪಿಸ್ತೂಲಿನ ವೇಗದ ಮದ್ದು ಬಿದ್ದರೆ ರೈಫಲ್ ಉಳಿಯುವುದಿಲ್ಲ.

ಆದ್ದರಿಂದ ಕೆಲಸ ನಡೆಯುವಾಗ ಮೇಜಿನ ಮೇಲೆ ಒಂದೇ ಡಬ್ಬಿ. ಉಳಿದದ್ದು ಕಪಾಟಿನಲ್ಲಿ. ಮದ್ದು ಸುರಿಯುವ ಯಂತ್ರದ ಪಾತ್ರೆಯಲ್ಲಿ ಏನಿದೆ ಅಂತ ತಿಳಿಯಲು ಆ ಡಬ್ಬಿಯನ್ನು ಅದರ ಪಕ್ಕದಲ್ಲೇ ಇಡುತ್ತಾರೆ. ಕೆಲಸ ಮುಗಿದ ದಿನವೇ ಉಳಿದ ಮದ್ದು ಅದೇ ಡಬ್ಬಿಗೆ ವಾಪಸ್. ಪಾತ್ರೆಯಲ್ಲೇ ಬಿಟ್ಟರೆ ಮುಂದಿನ ವಾರ ಅದು ಯಾವುದು ಅನ್ನುವ ಪ್ರಶ್ನೆ ಬರುತ್ತದೆ. ಕೆಲವು ಮದ್ದು ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಗುರುತು ಸಿಗದ ಮದ್ದನ್ನು ಊಹೆ ಮಾಡಿ ಬಳಸುವ ಹಾಗೇ ಇಲ್ಲ.

ತುಂಬಿಸಿದ ಪೆಟ್ಟಿಗೆಯ ಮೇಲೂ ಚೀಟಿ ಬೇಕು. ತಾರೀಖು, ಮದ್ದಿನ ಹೆಸರು, ತೂಕ, ಗುಂಡು, ಪ್ರೈಮರ್, ಒಟ್ಟು ಉದ್ದ. ಏನಾದರೂ ಅನುಮಾನ ಬಂದರೆ ಆ ಪೆಟ್ಟಿಗೆಯಷ್ಟನ್ನೇ ಬಿಚ್ಚಬಹುದು. ಬಿಚ್ಚಲು ಸುತ್ತಿಗೆಯ ಥರದ ಒಂದು ಸಾಧನವೇ ಇದೆ.

ಮದ್ದು, ಪ್ರೈಮರ್ ಎಲ್ಲಿ ಇಡುವುದು

ಹೊಗೆರಹಿತ ಮದ್ದು ಬಯಲಲ್ಲಿ ಜೋರಾಗಿ ಉರಿಯುತ್ತದೆ, ಸಿಡಿಯುವುದಿಲ್ಲ. ಸಿಡಿಯುವುದು ಅದನ್ನು ಬಿಗಿಯಾಗಿ ಮುಚ್ಚಿದಾಗ. ಕಂಪನಿಯ ಡಬ್ಬಿ ತೆಳುವಾಗಿರುವುದು ಇದೇ ಕಾರಣಕ್ಕೆ. ಬೆಂಕಿ ಬಿದ್ದರೆ ಅದು ಕಡಿಮೆ ಒತ್ತಡಕ್ಕೇ ಬಾಯಿ ಬಿಡುತ್ತದೆ. ಭದ್ರವಾಗಿರಲಿ ಅಂತ ಮದ್ದನ್ನು ಗಾಳಿಯಾಡದ ಉಕ್ಕಿನ ತಿಜೋರಿಯಲ್ಲಿ ಇಡುವುದು ಸೀಟಿ ಬಿಗಿದ ಪ್ರೆಶರ್ ಕುಕ್ಕರನ್ನು ಒಲೆ ಮೇಲೆ ಬಿಟ್ಟ ಹಾಗೆ. ಮರದ ಕಪಾಟೇ ಒಳ್ಳೆಯದು. ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆ ಎನ್‌ಎಫ್‌ಪಿಎ 495 ಪ್ರಕಾರ ಮನೆಯಲ್ಲಿ 20 ಪೌಂಡ್ ತನಕ ಮದ್ದನ್ನು ಅದರ ಮೂಲ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ, 50 ಪೌಂಡ್ ತನಕ ಇಡುವುದಾದರೆ ಒಂದು ಇಂಚು ದಪ್ಪದ ಮರದ ಪೆಟ್ಟಿಗೆ ಅಥವಾ ಕಪಾಟು ಬೇಕು. ಪ್ರೈಮರ್‌ಗೆ ಮಿತಿ 10,000. ಮಕ್ಕಳ ಕೈಗೆ ಸಿಗದ ಹಾಗೆ ಬೀಗ, ತಂಪು, ಒಣ ಜಾಗ. ಪೇಂಟು, ಪೆಟ್ರೋಲು, ಥಿನ್ನರ್ ಹತ್ತಿರ ಬೇಡ.

ಪ್ರೈಮರ್ ಇನ್ನೂ ನಾಜೂಕು. ಪೆಟ್ಟು ಬಿದ್ದರೇ ಸಿಡಿಯುವ ವಸ್ತು ಅಲ್ವಾ. ಕಂಪನಿಯ ತಟ್ಟೆಯಲ್ಲಿ ಒಂದಕ್ಕೊಂದು ತಗಲದ ಹಾಗೆ ಬಿಡಿಬಿಡಿಯಾಗಿ ಜೋಡಿಸಿರುತ್ತಾರೆ. ಅವನ್ನೆಲ್ಲ ಒಂದು ಗಾಜಿನ ಜಾಡಿಗೆ ಸುರಿದಿಟ್ಟರೆ ಒಂದು ಸಿಡಿದರೂ ಎಲ್ಲ ಒಟ್ಟಿಗೆ ಸಿಡಿಯಬಹುದು. ಬೇಕಾದಷ್ಟನ್ನೇ ತೆಗೆಯಿರಿ, ಉಳಿದದ್ದು ಪೆಟ್ಟಿಗೆಯಲ್ಲೇ ಇರಲಿ. ಕೆಲಸ ಮಾಡುವಾಗ ಕನ್ನಡಕ ಕಡ್ಡಾಯ.

ಮದ್ದು ಕೆಟ್ಟರೆ ಹುಳಿ, ಘಾಟು ವಾಸನೆ ಬರುತ್ತದೆ, ಡಬ್ಬಿಯೊಳಗೆ ಕೆಂಪು ಮಿಶ್ರಿತ ಕಂದು ಪುಡಿ ಕಾಣುತ್ತದೆ. ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಇನ್ನು ಬೆಂಕಿ ಆರಿಸುವ ಸಿಲಿಂಡರ್. ಅದು ಮೇಜು, ಬಟ್ಟೆ, ಕಾಗದಕ್ಕೆ ಹತ್ತಿದ ಬೆಂಕಿಗೆ. ಮದ್ದಿನ ಒಳಗೇ ಉರಿಯಲು ಬೇಕಾದ ಆಮ್ಲಜನಕ ಇರುತ್ತದೆ, ಗಾಳಿ ತಡೆದು ಅದನ್ನು ಆರಿಸಲು ಆಗುವುದಿಲ್ಲ. ಮದ್ದಿನ ಕಪಾಟಿಗೇ ಬೆಂಕಿ ಹತ್ತಿದರೆ ಮನೆಯವರನ್ನು ಕರೆದುಕೊಂಡು ಹೊರಗೆ ಬರುವುದು, ಅಗ್ನಿಶಾಮಕ ದಳಕ್ಕೆ ಮದ್ದು ಇದೆ ಅಂತ ಹೇಳುವುದು.

ಕಣ್ಣಿಗೆ ಕಾಣದ ಸೀಸ

ಹೆಚ್ಚಿನ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತ ಇದೆ. ಹಾರಿಸಿದ ಕೇಸಿನ ಒಳಗಿನ ಕಪ್ಪು ಮಸಿಯಲ್ಲಿ ಸೀಸ ಉಳಿದಿರುತ್ತದೆ. ಕೇಸುಗಳನ್ನು ಒಣ ಪುಡಿಯಲ್ಲಿ ತಿರುಗಿಸಿ ಪಾಲಿಶ್ ಮಾಡುವ ಯಂತ್ರದ ಮುಚ್ಚಳ ತೆಗೆದಾಗ ಏಳುವ ಧೂಳಿನಲ್ಲಿ ಅದೇ ಇರುತ್ತದೆ. ಆ ಯಂತ್ರ ಮನೆಯ ಒಳಗೆ ಬೇಡ. ನೀರು ಮತ್ತು ಸ್ಟೀಲ್ ಕಡ್ಡಿ ಹಾಕಿ ತೊಳೆಯುವ ಯಂತ್ರದಲ್ಲಿ ಧೂಳು ಏಳುವುದಿಲ್ಲ, ಆದರೆ ಕೊಳೆ ನೀರಿನಲ್ಲಿ ಸೀಸ ಇರುತ್ತದೆ, ಅದನ್ನು ಅಡುಗೆಮನೆಯ ಸಿಂಕಿಗೆ ಸುರಿಯಬಾರದು.

ಬೆಂಚಿನ ಹತ್ತಿರ ತಿಂಡಿ, ಕಾಫಿ, ಸಿಗರೇಟು ಯಾವುದೂ ಇಲ್ಲ. ನೆಲಕ್ಕೆ ಕಾರ್ಪೆಟ್ ಇದ್ದರೆ ಸೀಸವೂ ಮದ್ದೂ ಅದರಲ್ಲೇ ಕೂರುತ್ತದೆ. ಸಿಮೆಂಟ್ ಅಥವಾ ಲಿನೋಲಿಯಂ ನೆಲ ಇರಲಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ. ಚೆಲ್ಲಿದ ಮದ್ದು ಅದರ ಮೋಟಾರಿನ ಕಿಡಿಗೆ ಹತ್ತಿಕೊಳ್ಳಬಹುದು, ಸೀಸದ ಧೂಳು ಹಿಂದಿನಿಂದ ಮನೆಯೆಲ್ಲ ಹರಡುತ್ತದೆ. ಮುಗಿದ ಮೇಲೆ ತಣ್ಣೀರು, ಸೋಪಿನಲ್ಲಿ ಕೈ ತೊಳೆದು ಬಟ್ಟೆ ಬದಲಾಯಿಸಿ ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಿ. ಸೀಸ ದೊಡ್ಡವರಿಗಿಂತ ಮಕ್ಕಳ ಮೆದುಳಿಗೆ ಜಾಸ್ತಿ ಹಾನಿ ಮಾಡುತ್ತದೆ.

ಜಾಗ ಇಲ್ಲದವರಿಗೆ

ಗ್ಯಾರೇಜ್ ಇಲ್ಲದ ಅಪಾರ್ಟ್‌ಮೆಂಟಿನವರು ಪ್ರೆಸ್ಸನ್ನು ಒಂದು ದಪ್ಪ ಹಲಗೆಗೆ ಬಿಗಿದು, ಬೇಕಾದಾಗ ಗಟ್ಟಿ ಮೇಜಿಗೆ ಕ್ಲಾಂಪ್ ಹಾಕಿ ಕೆಲಸ ಮಾಡುತ್ತಾರೆ. ಊಟದ ಮೇಜು ಮಾತ್ರ ಬೇಡ, ಸೀಸದ ಕಾರಣಕ್ಕೆ. ಕೈಯಲ್ಲೇ ಹಿಡಿದು ಒತ್ತುವ ಚಿಕ್ಕ ಪ್ರೆಸ್‌ಗಳೂ ಬರುತ್ತವೆ. ಜಾಗ ಕಡಿಮೆ ಇದ್ದಾಗ ಕೆಲಸವನ್ನು ದಿನಕ್ಕೊಂದು ಹಂತ ಅಂತ ಹಂಚಬಹುದು. ಒಂದು ಸಂಜೆ ಅಳತೆಗೆ ತರುವುದು, ಇನ್ನೊಂದು ಸಂಜೆ ಪ್ರೈಮರ್. ಮದ್ದು ಹಾಕುವುದನ್ನೂ ಗುಂಡು ಕೂರಿಸುವುದನ್ನೂ ಮಾತ್ರ ಒಂದೇ ಸಲ ಕೂತು ಮುಗಿಸಬೇಕು. ಬಾಯಿ ತೆರೆದ, ಮದ್ದು ತುಂಬಿದ 50 ಕೇಸುಗಳನ್ನು ರಾತ್ರಿಯಿಡೀ ಬಿಟ್ಟು ಹೋಗುವಂತಿಲ್ಲ. ಅಷ್ಟು ಹೊತ್ತು ಇಲ್ಲ ಅನ್ನಿಸಿದರೆ 50ರ ಬದಲು 20 ಕೇಸ್ ಇಟ್ಟುಕೊಳ್ಳಿ.